ಮರೆವಿಗೆ ಬ್ಲಡ್ ಟೆಸ್ಟ್: ಯಾವುದು ಮೊದಲು, ಯಾವುದು ಆಮೇಲೆ

"ಅಮ್ಮನಿಗೆ ಮರೆವು ಜಾಸ್ತಿಯಾಗಿದೆ. ಈಗ ರಕ್ತ ಪರೀಕ್ಷೆಯಲ್ಲೇ ಅಲ್‌ಝೈಮರ್ಸ್ ಗೊತ್ತಾಗುತ್ತಂತೆ. ಎಲ್ಲಿ ಮಾಡಿಸೋದು?" ಓದುಗರಿಂದ ಪದೇ ಪದೇ ಬರುತ್ತಿರುವ ಪ್ರಶ್ನೆ ಇದು. ಇನ್ನು ಕೆಲವರದು ಬೇರೆ ಥರ: "ನನಗೆ ನಲವತ್ತೈದು. ಮರೆವೇನೂ ಇಲ್ಲ. ಆದರೂ ಸುಮ್ನೆ ಒಂದು ಸಲ ನೋಡಿಸಿಬಿಡಲಾ?"

ಎರಡನೆಯವರಿಗೆ ಮೊದಲೇ ಹೇಳಿಬಿಡುತ್ತೇನೆ: ಬೇಡ. ಯಾಕೆ ಅಂತ ಆರನೇ ಹಂತದಲ್ಲಿ ಲೆಕ್ಕ ಸಮೇತ ಇದೆ.

ಮೊದಲನೆಯವರಿಗೆ ಉತ್ತರ ಸ್ವಲ್ಪ ಉದ್ದ. ಅಲ್‌ಝೈಮರ್ಸ್ ಅಂದರೆ ಮೆದುಳಿನ ಕೋಶಗಳು ನಿಧಾನವಾಗಿ ಹಾಳಾಗಿ ಮರೆವು ತರುವ ಕಾಯಿಲೆ. ಅದಕ್ಕೆ ರಕ್ತ ಪರೀಕ್ಷೆ ಇರುವುದು ನಿಜ. 2025ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಫ್ಯೂಜಿರೆಬಿಯೋ ಕಂಪನಿಯ 'ಲೂಮಿಪಲ್ಸ್' ರಕ್ತ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ರೋಶ್ ಕಂಪನಿಯ ಇನ್ನೊಂದು ಪರೀಕ್ಷೆಗೂ ಒಪ್ಪಿಗೆ ಸಿಕ್ಕಿತು. ಆದರೆ ಎರಡೂ ಮರೆವಿನ ಲಕ್ಷಣ ಈಗಾಗಲೇ ಕಾಣಿಸಿಕೊಂಡವರಿಗೆ, ಅದೂ ಡಾಕ್ಟರ್ ಮಾಡುವ ಬೇರೆ ತಪಾಸಣೆಯ ಜತೆಗೆ. ಇದನ್ನೇ ಮೊದಲು ಮಾಡಿಸಿ, ಸಾಮಾನ್ಯ ರಕ್ತ ಪರೀಕ್ಷೆಯಲ್ಲೇ ಸಿಗಬಹುದಾದ ಉತ್ತರವನ್ನು ಬಿಟ್ಟುಬಿಡುವವರಿದ್ದಾರೆ. ಹಾಗಾಗಿ ಕ್ರಮವಾಗಿ ಹೋಗೋಣ.

ಹಂತ 1: ಒಂದು ನೋಟ್‌ಬುಕ್ ಇಡಿ

ಡಾಕ್ಟರ್ ಬಳಿ ಹೋಗುವ ಮೊದಲು ಎರಡು ವಾರ, ಮನೆಯಲ್ಲಿ ಕಂಡದ್ದನ್ನು ತಾರೀಖು ಹಾಕಿ ಬರೆಯಿರಿ. "ಮರೆವು ಜಾಸ್ತಿ" ಅಂದರೆ ಡಾಕ್ಟರ್‌ಗೆ ಏನೂ ತಿಳಿಯುವುದಿಲ್ಲ. "ಮಂಗಳವಾರ ಸಾರಿಗೆ ಎರಡು ಸಲ ಉಪ್ಪು ಹಾಕಿದರು", "ನಲವತ್ತು ವರ್ಷದಿಂದ ಹೋಗುವ ದೇವಸ್ಥಾನದಿಂದ ಬರುವಾಗ ದಾರಿ ತಪ್ಪಿತು", "ಬ್ಯಾಂಕ್ ಚಲನ್ ತುಂಬಲು ಆಗಲಿಲ್ಲ, ಮೊದಲು ಊರಿಗೆಲ್ಲ ಇವರೇ ತುಂಬಿಕೊಡುತ್ತಿದ್ದರು" ಅಂತ ಬರೆದರೆ ತಿಳಿಯುತ್ತದೆ.

ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. ಮೊದಲು ಸಲೀಸಾಗಿ ಮಾಡುತ್ತಿದ್ದ ಕೆಲಸ ಈಗ ಆಗುತ್ತಿಲ್ಲ ಅನ್ನುವುದನ್ನು ಗಮನಿಸಿ. ಯಾವಾಗ ಶುರುವಾಯಿತು, ನಿಧಾನವಾಗಿ ಬಂತಾ, ದಿಢೀರ್ ಬಂತಾ ಅಂತಲೂ ಬರೆದಿಡಿ. "ಅರವತ್ತಕ್ಕೆ ಅರಳುಮರಳು, ಬಿಡಿ" ಅನ್ನುವ ನೆಂಟರು ಸಿಗುತ್ತಾರೆ. ಅವರ ಮಾತಿಗೆ ಇಲ್ಲಿ ಬೆಲೆ ಕೊಡಬೇಡಿ. ಭಾರತದ ವೃದ್ಧರ ದೊಡ್ಡ ಸಮೀಕ್ಷೆಯಾದ ಲಾಸಿ-ಡ್ಯಾಡ್ ಪ್ರಕಾರ 60 ದಾಟಿದವರಲ್ಲಿ ಡಿಮೆನ್ಶಿಯಾ, ಅಂದರೆ ದಿನನಿತ್ಯದ ಬದುಕಿಗೇ ಅಡ್ಡಿಯಾಗುವ ಮರೆಗುಳಿತನ ಇರುವವರು ಸುಮಾರು 7.4%. ಅಂದರೆ ಹೆಚ್ಚಿನ ಹಿರಿಯರಿಗೆ ಅದು ಇಲ್ಲ. ವಯಸ್ಸಾಯಿತು ಅಂದಮಾತ್ರಕ್ಕೆ ಬರಲೇಬೇಕಾದ್ದಲ್ಲ.

ಎಚ್ಚರ: ಗೊಂದಲ ಕೆಲವೇ ಗಂಟೆಗಳಲ್ಲಿ ಅಥವಾ ಒಂದೆರಡು ದಿನದಲ್ಲಿ ಬಂದಿದ್ದರೆ ನೋಟ್‌ಬುಕ್ ಪಕ್ಕಕ್ಕಿಟ್ಟು ನೇರ ಆಸ್ಪತ್ರೆಗೆ ಹೋಗಿ. ವಯಸ್ಸಾದವರಲ್ಲಿ ಮೂತ್ರದ ಸೋಂಕು, ನ್ಯುಮೋನಿಯಾ, ಸೋಡಿಯಂ ಇಳಿಯುವುದು ಇವೆಲ್ಲ ಮೊದಲು ಗೊಂದಲವಾಗಿಯೇ ಕಾಣಿಸಿಕೊಳ್ಳಬಹುದು. ಬಾಯಿ ಸೊಟ್ಟಗಾಗಿದ್ದರೆ, ಮಾತು ತೊದಲುತ್ತಿದ್ದರೆ, ಒಂದು ಕೈಯಲ್ಲಿ ಶಕ್ತಿ ಇಲ್ಲದಿದ್ದರೆ ಅದು ಪಾರ್ಶ್ವವಾಯು ಇರಬಹುದು. ಒಂದು ನಿಮಿಷವೂ ತಡ ಮಾಡಬೇಡಿ.

ಹಂತ 2: ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ

ಚೀಟಿ ಸಾಲದು. ಮನೆಯಲ್ಲಿ ಇರುವ ಸ್ಟ್ರಿಪ್, ಬಾಟಲಿ, ಚೂರ್ಣ, ಎಲ್ಲವನ್ನೂ ತೆಗೆದುಕೊಂಡು ಹೋಗಿ. ಮೆಡಿಕಲ್ ಸ್ಟೋರ್‌ನವರು ಕೊಟ್ಟ ನೆಗಡಿ ಮಾತ್ರೆ, ಪಕ್ಕದ ಮನೆಯವರು "ಒಳ್ಳೇ ನಿದ್ದೆ ಬರುತ್ತೆ" ಅಂತ ಕೊಟ್ಟ ಮಾತ್ರೆ, ಅವೂ ಬರಲಿ. ನಿದ್ದೆ ಮಾತ್ರೆಗಳು, ಕ್ಲೋರ್‌ಫೆನಿರಮಿನ್ ಥರದ ಹಳೆ ಕಾಲದ ಅಲರ್ಜಿ ಮಾತ್ರೆಗಳು, ಮೂತ್ರ ತಡೆದುಕೊಳ್ಳಲು ಆಗದವರಿಗೆ ಕೊಡುವ ಆಕ್ಸಿಬ್ಯುಟಿನಿನ್, ಕೈ ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಇವು ವಯಸ್ಸಾದವರ ನೆನಪಿಗೆ ಮಂಕು ಕವಿಸುತ್ತವೆ.

ಬಿಪಿ ಮಾತ್ರೆಯ ಸ್ಟ್ರಿಪ್ ತಿರುಗಿಸಿ ನೋಡಿ. ಹೆಸರಿನ ಕೊನೆಗೆ 'ಎಚ್' ಇರುವ ಎಷ್ಟೋ ಮಾತ್ರೆಗಳಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಸೇರಿರುತ್ತದೆ. ಇದು ಮೈಯಲ್ಲಿನ ನೀರಿಳಿಸುವ ಔಷಧಿ. ಕೆಲವು ಹಿರಿಯರಲ್ಲಿ ಇದರಿಂದ ಸೋಡಿಯಂ ಇಳಿದು ಮಂಪರು, ಗೊಂದಲ ಬರುತ್ತದೆ. ಹಾಗಂತ ಯಾವ ಮಾತ್ರೆಯನ್ನೂ ನೀವಾಗಿಯೇ ನಿಲ್ಲಿಸಬೇಡಿ. ನಿದ್ದೆ ಮಾತ್ರೆಯನ್ನಂತೂ ಒಮ್ಮೆಲೇ ನಿಲ್ಲಿಸಲೇಬಾರದು.

ಹಂತ 3: ಮೊದಲು ಸಾಮಾನ್ಯ ರಕ್ತ ಪರೀಕ್ಷೆ

ನನ್ನ ಪ್ರಕಾರ ಇಡೀ ಲೇಖನದಲ್ಲಿ ಮುಖ್ಯವಾದ ಹಂತ ಇದೇ. ತಾಲ್ಲೂಕು ಮಟ್ಟದ ಲ್ಯಾಬ್‌ಗಳಲ್ಲೂ ಇವುಗಳಲ್ಲಿ ಹೆಚ್ಚಿನವು ಆಗುತ್ತವೆ.

ಬಿ12 ವಿಟಮಿನ್: ಇದು ಕಡಿಮೆಯಾದರೆ ಮರೆವು, ಕಾಲು ಜೋಮು, ನಡೆಯುವಾಗ ತೂರಾಟ, ಸಿಡುಕು ಬರಬಹುದು. ಮಾಂಸ, ಮೀನು, ಮೊಟ್ಟೆ, ಹಾಲಿನಲ್ಲಿ ಇರುತ್ತದೆ. ತರಕಾರಿ, ಕಾಳಿನಲ್ಲಿ ಇರುವುದಿಲ್ಲ. ಹಾಗಾಗಿ ಸಸ್ಯಾಹಾರಿ ಹಿರಿಯರಲ್ಲಿ ಕೊರತೆ ಜಾಸ್ತಿ. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ, ಬೆಳಿಗ್ಗೆ ಎದ್ದ ತಕ್ಷಣ ಗ್ಯಾಸ್‌ಗೆ ಅಂತ ಪ್ಯಾಂಟೊಪ್ರಜೋಲ್ ನುಂಗುವವರಲ್ಲಿ ಕೂಡ ಇಳಿಯುತ್ತದೆ. ಸಸ್ಯಾಹಾರ, ಮೆಟ್‌ಫಾರ್ಮಿನ್, ಗ್ಯಾಸ್ ಮಾತ್ರೆ ಮೂರೂ ಒಬ್ಬರಲ್ಲೇ ಸೇರಿರುವುದು ನಮ್ಮ ಮನೆಗಳಲ್ಲಿ ಅಪರೂಪವೇನಲ್ಲ, ಅಲ್ವಾ? ಬಹುತೇಕ ಲ್ಯಾಬ್‌ಗಳು ಒಂದು ಮಿಲಿ ರಕ್ತದ ದ್ರವದಲ್ಲಿ 200 ಪಿಕೋಗ್ರಾಮಿಗಿಂತ ಕೆಳಗಿದ್ದರೆ ಕೊರತೆ ಅನ್ನುತ್ತವೆ. 200ರಿಂದ 300ರವರೆಗೆ ಅನುಮಾನದ ಜಾಗ. ಅಲ್ಲಿದ್ದರೆ ಡಾಕ್ಟರ್ ಹೋಮೋಸಿಸ್ಟೀನ್ ಅಥವಾ ಮೀಥೈಲ್‌ಮಲೋನಿಕ್ ಆ್ಯಸಿಡ್ ಅನ್ನುವ ಇನ್ನೊಂದು ಪರೀಕ್ಷೆ ಹೇಳಬಹುದು.

ಇಲ್ಲಿ ಆಗುವ ದೊಡ್ಡ ತಪ್ಪು: "ಸುಸ್ತು" ಅಂದಿದ್ದಕ್ಕೆ ಹತ್ತಿರದ ಕ್ಲಿನಿಕ್‌ನಲ್ಲಿ ಬಿ12 ಇಂಜೆಕ್ಷನ್ ಹಾಕಿಸಿಕೊಂಡು, ಆಮೇಲೆ ಟೆಸ್ಟ್‌ಗೆ ಹೋಗುವುದು. ಆಗ ಅಂಕಿ ಮೇಲೇರಿರುತ್ತದೆ, ಕೊರತೆ ಇತ್ತೋ ಇಲ್ಲವೋ ಅಂತಲೇ ತಿಳಿಯುವುದಿಲ್ಲ. ಮೊದಲು ರಕ್ತ ಕೊಡಿ, ಆಮೇಲೆ ಇಂಜೆಕ್ಷನ್.

ಥೈರಾಯ್ಡ್, ಅಂದರೆ ಟಿಎಸ್‌ಎಚ್: ಥೈರಾಯ್ಡ್ ನಿಧಾನವಾದರೆ ಯೋಚನೆಯೂ ನಿಧಾನವಾಗುತ್ತದೆ. ಕೂದಲಿಗೆ, ಉಗುರಿಗೆ ಅಂತ ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಲ್ಯಾಬ್‌ಗೆ ಮೊದಲೇ ಹೇಳಿ. ಜಾಸ್ತಿ ಡೋಸಿನ ಬಯೋಟಿನ್ ಕೆಲವು ಯಂತ್ರಗಳಲ್ಲಿ ಟಿಎಸ್‌ಎಚ್ ರಿಪೋರ್ಟನ್ನು ತಪ್ಪು ತೋರಿಸುತ್ತದೆ.

ಸೋಡಿಯಂ: 135ರಿಂದ 145 ಇರಬೇಕು. ಇದರ ಕಥೆ ಮೇಲೆ ಹೇಳಿದ್ದೇನೆ.

ಇವುಗಳ ಜತೆಗೆ ರಕ್ತದ ಪೂರ್ತಿ ಎಣಿಕೆ, ಸಕ್ಕರೆ ಮತ್ತು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ, ಕಿಡ್ನಿಯ ಕ್ರಿಯಾಟಿನಿನ್, ಲಿವರ್, ಕ್ಯಾಲ್ಸಿಯಂ. ಸಕ್ಕರೆ ಪದೇ ಪದೇ ಇಳಿದುಹೋಗುವುದೂ ಮೆದುಳಿಗೆ ಪೆಟ್ಟೇ. ಕೆಲವರಿಗೆ ಸಿಫಿಲಿಸ್, ಎಚ್‌ಐವಿ ಪರೀಕ್ಷೆಯನ್ನೂ ಬರೆಯುತ್ತಾರೆ. ಬೇಸರ ಮಾಡಿಕೊಳ್ಳಬೇಡಿ. ಅವೂ ಮೆದುಳಿಗೆ ಏರುವ ಕಾಯಿಲೆಗಳು, ಪಟ್ಟಿಯಲ್ಲಿ ಇರುವುದು ವಾಡಿಕೆ.

ಕ್ರಿಯಾಟಿನಿನ್ ರಿಪೋರ್ಟ್ ಜೋಪಾನ. ಮುಂದೆ ಹೊಸ ಪರೀಕ್ಷೆ ಮಾಡಿಸಿದರೆ ಅದನ್ನು ಓದಲು ಇದು ಬೇಕಾಗುತ್ತದೆ.

ಬಿ12 ಅಥವಾ ಥೈರಾಯ್ಡ್ ಸರಿ ಮಾಡಿದರೆ ಮರೆವು ಪೂರ್ತಿ ಹೋಗುತ್ತದೆ ಅಂತ ಗ್ಯಾರಂಟಿ ಇಲ್ಲ. ಕೆಲವರಿಗೆ ಚೆನ್ನಾಗಿ ಸುಧಾರಿಸುತ್ತದೆ, ಕೆಲವರಿಗೆ ಕೊಂಚ ಮಾತ್ರ. ಕೊರತೆ ತುಂಬಾ ಹಳೆಯದಾಗಿದ್ದರೆ ನರಕ್ಕೆ ಆದ ಹಾನಿ ಹಾಗೇ ಉಳಿಯಬಹುದು. ಆದರೂ ಸರಿಪಡಿಸಬಹುದಾದ್ದನ್ನು ಮೊದಲು ಸರಿಪಡಿಸಿ.

ಹಂತ 4: ಕಾಗದ-ಪೆನ್ನಿನ ಪರೀಕ್ಷೆ ಮತ್ತು ಸ್ಕ್ಯಾನ್

ಮರೆವು ಎಷ್ಟಿದೆ ಅಂತ ಅಳೆಯುವುದು ಮಾತಿನಿಂದ, ಚಿತ್ರದಿಂದ. ಎಂಎಂಎಸ್‌ಇ, ಮೋಕಾ ಅನ್ನುವ ಪರೀಕ್ಷೆಗಳಲ್ಲಿ 30 ಅಂಕ. ಗಡಿಯಾರ ಬರೆಸುತ್ತಾರೆ, ಕೆಲವು ಪದ ಹೇಳಿ ಐದು ನಿಮಿಷ ಬಿಟ್ಟು ಕೇಳುತ್ತಾರೆ. ಶಾಲೆಗೆ ಹೋಗದವರಿಗೆ ಇದೇ ಅಂಕದ ಗಡಿ ಹಾಕಿದರೆ ಅನ್ಯಾಯವಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಇದಕ್ಕೆಂದೇ ಭಾರತೀಯ ಭಾಷೆಗಳಲ್ಲಿ ಪರೀಕ್ಷೆಗಳ ಗುಚ್ಛವೊಂದನ್ನು ರೂಪಿಸಿದೆ, ಕನ್ನಡದಲ್ಲೂ ಇದೆ. "ಕನ್ನಡದಲ್ಲಿ ಮಾಡ್ತೀರಾ?" ಅಂತ ಧಾರಾಳವಾಗಿ ಕೇಳಿ.

ಕನ್ನಡಕ, ಕಿವಿಯ ಯಂತ್ರ ಇದ್ದರೆ ಮರೆಯದೆ ಹಾಕಿಸಿಕೊಂಡು ಹೋಗಿ. ಪ್ರಶ್ನೆ ಕೇಳಿಸದೆ ಸುಮ್ಮನಿದ್ದರೂ ಅಂಕ ಹೋಗುತ್ತದೆ. ಪಕ್ಕದಲ್ಲಿ ಕೂತ ಮಗ, ಮಗಳು ಉತ್ತರ ಹೇಳಿಕೊಡಬಾರದು. "ಅಪ್ಪಾ, ಇವತ್ತು ಗುರುವಾರ ಅಲ್ವಾ" ಅಂದುಬಿಟ್ಟರೆ ಪರೀಕ್ಷೆ ಕೆಟ್ಟಂತೆ. ಇನ್ನೊಂದು: ತಾರೀಖು ಹೇಳದ ಅಜ್ಜಿ "ಇವತ್ತು ಏಕಾದಶಿ" ಅಂತ ಸರಿಯಾಗಿ ಹೇಳಬಹುದು. ಪರೀಕ್ಷೆ ಮುಗಿದ ಮೇಲೆ ಅದನ್ನು ಡಾಕ್ಟರ್ ಗಮನಕ್ಕೆ ತನ್ನಿ.

ಮನಸ್ಸು ಕುಗ್ಗಿದ್ದರೂ ಮರೆವಿನ ಹಾಗೇ ಕಾಣುತ್ತದೆ. ಸಂಗಾತಿ ಹೋದ ಮೇಲೆ ಶುರುವಾದ ಮರೆವಾಗಿದ್ದರೆ ಅದನ್ನು ಹೇಳಿ.

ಸಿಟಿ ಅಥವಾ ಎಂಆರ್‌ಐ ಒಂದು ಸಲ ಆಗಬೇಕು. ಸಣ್ಣ ಸಣ್ಣ ಪಾರ್ಶ್ವವಾಯು, ಗೆಡ್ಡೆ, ತಲೆಯೊಳಗೆ ನೀರು ತುಂಬಿರುವುದು ಅದರಲ್ಲಿ ಕಾಣುತ್ತವೆ. ಬಚ್ಚಲಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟಾಗಿ, ಕೆಲವು ವಾರಗಳಾದ ಮೇಲೆ ಮಂಕು ಶುರುವಾಗಿದ್ದರೆ ಸ್ಕ್ಯಾನ್ ತಡ ಮಾಡಬೇಡಿ. ತಲೆಬುರುಡೆಯ ಕೆಳಗೆ ನಿಧಾನವಾಗಿ ರಕ್ತ ಸೇರಿರಬಹುದು. ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಜಾಸ್ತಿ.

ಹಂತ 5: ಹೊಸ ಮಾರ್ಕರ್‌ಗಳನ್ನು ತಿಳಿದುಕೊಳ್ಳಿ

ಇಷ್ಟೆಲ್ಲ ಆದ ಮೇಲೂ ಕಾರಣ ಸಿಗದೆ, ಅಲ್‌ಝೈಮರ್ಸ್ ಇರಬಹುದು ಅಂತ ನರರೋಗ ತಜ್ಞರಿಗೆ ಅನುಮಾನ ಬಂದರೆ, ಆಗ ಈ ಪರೀಕ್ಷೆಯ ಸರದಿ. ಮಾರ್ಕರ್ ಅಂದರೆ ದೇಹದೊಳಗೆ ಏನು ನಡೆಯುತ್ತಿದೆ ಅಂತ ಸುಳಿವು ಕೊಡುವ ವಸ್ತು.

1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಅಲ್‌ಝೈಮರ್, ತೀರಿಹೋದ ರೋಗಿಯೊಬ್ಬರ ಮೆದುಳಿನಲ್ಲಿ ಕಂಡ ಎರಡು ಬದಲಾವಣೆಗಳನ್ನು ವಿವರಿಸಿದರು: ಜೀವಕೋಶಗಳ ನಡುವೆ ಕೂತ ಗಸಿ, ಕೋಶಗಳ ಒಳಗೆ ಸಿಕ್ಕುಬಿದ್ದ ಎಳೆಗಳು. ಗಸಿಯಲ್ಲಿರುವ ಪ್ರೊಟೀನ್ ಬೀಟಾ ಅಮೈಲಾಯ್ಡ್. ಎಳೆಗಳದು ಟೌ. ಇವೆರಡರ ಚೂರುಪಾರು ರಕ್ತಕ್ಕೂ ಬರುತ್ತದೆ. ಪ್ರಮಾಣ ಮಾತ್ರ ಅತ್ಯಲ್ಪ. ಪಿಕೋಗ್ರಾಮ್ ಅಂದರೆ ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಇಷ್ಟು ಕಡಿಮೆ ಇರುವುದನ್ನು ಅಳೆಯುವ ಯಂತ್ರಗಳು ಬಂದದ್ದು ಈಚೆಗೆ. ಅದಕ್ಕೂ ಮೊದಲು ಬೆನ್ನುಹುರಿಯ ನೀರು ತೆಗೆಯಬೇಕಿತ್ತು, ಇಲ್ಲವೇ ಮೆದುಳಿನ ಗಸಿಯನ್ನು ತೋರಿಸುವ ದುಬಾರಿ ಪೆಟ್ ಸ್ಕ್ಯಾನ್ ಮಾಡಿಸಬೇಕಿತ್ತು.

ರಿಪೋರ್ಟ್‌ನಲ್ಲಿ ನಿಮಗೆ ಕಾಣುವ ಹೆಸರುಗಳು ಇವು.

ಪಿ-ಟೌ 217: ಸದ್ಯಕ್ಕೆ ಹೆಚ್ಚು ನಂಬಿಕೆಗೆ ಅರ್ಹವಾದದ್ದು. ಮೆದುಳಿನಲ್ಲಿ ಅಮೈಲಾಯ್ಡ್ ಗಸಿ ಸೇರುತ್ತಿದ್ದಂತೆ ರಕ್ತದಲ್ಲಿ ಏರುತ್ತದೆ. ಪಿ-ಟೌ 181 ಇದರ ಹಳೆಯ ಸೋದರ, ಅಷ್ಟು ಚುರುಕಲ್ಲ. ರೋಶ್ ಪರೀಕ್ಷೆ ಬಳಸುವುದು ಇದನ್ನೇ. ಅದರ ಮುಖ್ಯ ಕೆಲಸ "ಅಲ್‌ಝೈಮರ್ಸ್ ಬದಲಾವಣೆ ಇರುವ ಸಾಧ್ಯತೆ ಕಡಿಮೆ" ಅಂತ ತಿಳಿಸುವುದು.

ಅಮೈಲಾಯ್ಡ್ 42/40: ಎರಡು ಬಗೆಯ ಅಮೈಲಾಯ್ಡ್‌ಗಳ ಅನುಪಾತ. ಅಲ್‌ಝೈಮರ್ಸ್‌ನಲ್ಲಿ ಇಳಿಯುತ್ತದೆ. ಇಳಿಕೆ ತುಂಬಾ ಸಣ್ಣದು, ಹಾಗಾಗಿ ಸ್ಯಾಂಪಲ್ ಸ್ವಲ್ಪ ಏರುಪೇರಾದರೂ ಉತ್ತರ ಬದಲಾಗುತ್ತದೆ.

ಎನ್‌ಎಫ್‌ಎಲ್: ನರತಂತುಗಳು ಹಾಳಾದಾಗ ರಕ್ತಕ್ಕೆ ಸೋರುವ ಪ್ರೊಟೀನ್. ಇದು ಥರ್ಮಾಮೀಟರ್ ಇದ್ದ ಹಾಗೆ. ಜ್ವರ ಇದೆ ಅನ್ನುತ್ತದೆ, ಯಾವ ಜ್ವರ ಅನ್ನುವುದಿಲ್ಲ. ಪಾರ್ಶ್ವವಾಯು, ತಲೆಗೆ ಪೆಟ್ಟು, ಕಾಲಿನ ನರದ ತೊಂದರೆ, ಬರೀ ವಯಸ್ಸು, ಎಲ್ಲದರಲ್ಲೂ ಏರುತ್ತದೆ.

ಜಿಎಫ್‌ಎಪಿ: ನರಕೋಶಗಳಿಗೆ ಆಸರೆಯಾಗಿರುವ ಕೋಶಗಳು ಕೆರಳಿದಾಗ ಏರುವ ಪ್ರೊಟೀನ್. ಇದೂ ಒಂದೇ ಕಾಯಿಲೆಯನ್ನು ಬೊಟ್ಟು ಮಾಡಿ ತೋರಿಸುವುದಿಲ್ಲ.

ಎಪಿಒಇ: ಇದು ಮಾರ್ಕರ್ ಅಲ್ಲ, ಜೀನ್ ಪರೀಕ್ಷೆ. ಇದರ ನಾಲ್ಕನೇ ಬಗೆ ಇದ್ದರೆ ಅಪಾಯ ಜಾಸ್ತಿ ಅಷ್ಟೇ. ಇದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ಇಲ್ಲದವರಿಗೂ ಬರಬಹುದು. 'ಪ್ಯಾಕೇಜ್' ಅಂತ ಇದನ್ನೂ ಸೇರಿಸಿಕೊಟ್ಟರೆ, ಡಾಕ್ಟರ್ ಹೇಳಿರದಿದ್ದರೆ, ಬೇಡ ಅನ್ನಿ. ಜೀನ್ ವಿಷಯ ಗೊತ್ತಾದರೆ ಮಕ್ಕಳು, ಒಡಹುಟ್ಟಿದವರ ಬಗ್ಗೆಯೂ ಗೊತ್ತಾದ ಹಾಗೆ.

ಹಂತ 6: ಮಾಡಿಸಬೇಕಾ ಅಂತ ತೀರ್ಮಾನಿಸಿ

ನಲವತ್ತೈದರ ಓದುಗರೇ, ಲೆಕ್ಕ ಇಲ್ಲಿದೆ. ಒಂದು ಪರೀಕ್ಷೆ ಇದೆ ಅಂದುಕೊಳ್ಳಿ. ಗಸಿ ಇರುವ ನೂರು ಜನರಲ್ಲಿ ತೊಂಬತ್ತು ಜನರನ್ನು ಹಿಡಿಯುತ್ತದೆ, ಇಲ್ಲದ ನೂರರಲ್ಲಿ ತೊಂಬತ್ತು ಜನರಿಗೆ ಸರಿಯಾಗಿ "ಇಲ್ಲ" ಅನ್ನುತ್ತದೆ. ಕೇಳಲು ಭರ್ಜರಿಯಾಗಿದೆ. ಈಗ ಯಾವ ಲಕ್ಷಣವೂ ಇಲ್ಲದ ಸಾವಿರ ಜನ, ಅವರಲ್ಲಿ 50 ಜನರಿಗೆ ಮಾತ್ರ ಗಸಿ ಇದೆ ಅಂದುಕೊಳ್ಳೋಣ. ಪರೀಕ್ಷೆ ಆ 50ರಲ್ಲಿ 45 ಜನರನ್ನು ಹಿಡಿಯಿತು. ಉಳಿದ 950ರಲ್ಲಿ 95 ಜನರಿಗೂ ತಪ್ಪಾಗಿ ಪಾಸಿಟಿವ್ ಬಂತು. ಒಟ್ಟು 140 ಪಾಸಿಟಿವ್‌ನಲ್ಲಿ 95 ಸುಳ್ಳು! ಅದೇ ಪರೀಕ್ಷೆಯನ್ನು ಮರೆವಿನ ಕ್ಲಿನಿಕ್‌ಗೆ ಬಂದ ನೂರು ಜನರಲ್ಲಿ ಮಾಡಿ, ಅಲ್ಲಿ 60 ಜನರಿಗೆ ಗಸಿ ಇದ್ದರೆ, 54 ಸರಿಯಾದ ಪಾಸಿಟಿವ್, 4 ಸುಳ್ಳು. ಪರೀಕ್ಷೆ ಒಂದೇ, ಯಾರಿಗೆ ಮಾಡಿದ್ದು ಅನ್ನುವುದು ಬೇರೆ.

ಸುಳ್ಳಲ್ಲದ ಪಾಸಿಟಿವ್ ಬಂದರೂ ಕಥೆ ಮುಗಿಯುವುದಿಲ್ಲ. ಗಸಿ ಇದ್ದೂ ಕೊನೆಯವರೆಗೆ ಚುರುಕಾಗಿಯೇ ಇರುವವರು ಎಷ್ಟೋ ಜನ. ಅವರಿಗೆ ಈ ರಿಪೋರ್ಟ್‌ನಿಂದ ಸಿಗುವುದು ನಿದ್ದೆಗೇಡು ಮಾತ್ರ.

ಲಕ್ಷಣ ಇರುವವರ ಮನೆಯಲ್ಲೂ ಎರಡು ಪ್ರಶ್ನೆ ಕೇಳಿಕೊಳ್ಳಿ. ಪಾಸಿಟಿವ್ ಬಂದರೆ ಮುಂದೇನು ಬದಲಾಗುತ್ತದೆ? ಮತ್ತು, ಇದು ಅಮ್ಮನಿಗೆ ಗೊತ್ತಾ? "ಸುಮ್ನೆ ಶುಗರ್ ಟೆಸ್ಟ್" ಅಂತ ಹೇಳಿ ರಕ್ತ ತೆಗೆಸುವ ಮಕ್ಕಳಿದ್ದಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೂ ಸರಿಯಲ್ಲ. ಅರ್ಥ ಮಾಡಿಕೊಳ್ಳುವ ಶಕ್ತಿ ಇರುವವರೆಗೆ ಒಪ್ಪಿಗೆ ಅವರದೇ. ತಿಳಿದುಕೊಳ್ಳುವುದು ಬೇಡ ಅನ್ನುವ ಹಕ್ಕೂ ಅವರಿಗಿದೆ.

ಹಂತ 7: ಸ್ಯಾಂಪಲ್ ಕೊಡುವ ಮೊದಲು ಲ್ಯಾಬ್‌ಗೆ ಫೋನ್ ಮಾಡಿ

ಕೇಳಬೇಕಾದ್ದು: ಅಳೆಯುವುದು ಯಾವ ಮಾರ್ಕರ್? ಯಾವ ವಿಧಾನ? ಪರೀಕ್ಷೆ ಇಲ್ಲೇ ಆಗುತ್ತದಾ, ಬೇರೆ ಊರಿಗೆ ಹೋಗುತ್ತದಾ? ಹೋದರೆ ತಣ್ಣಗಿಟ್ಟು ಕಳಿಸುತ್ತೀರಾ? ಖಾಲಿ ಹೊಟ್ಟೆ ಬೇಕಾ? ರಿಪೋರ್ಟ್‌ನಲ್ಲಿ ನಡುವಿನ, ಅಂದರೆ 'ಇಂಡಿಟರ್ಮಿನೇಟ್' ವಲಯ ತೋರಿಸುತ್ತೀರಾ?

ತಣ್ಣಗಿನ ಪ್ರಶ್ನೆ ಕೆದಕುವುದಕ್ಕೆ ಕಾರಣ ಇದೆ. ಸಾಮಾನ್ಯವಾಗಿ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್‌ನಲ್ಲಿ ರಕ್ತ ತೆಗೆದು, ತಡ ಮಾಡದೆ ಯಂತ್ರದಲ್ಲಿ ತಿರುಗಿಸಿ ಪ್ಲಾಸ್ಮಾ ಬೇರೆ ಮಾಡುತ್ತಾರೆ. ಪ್ಲಾಸ್ಮಾ ಅಂದರೆ ಕೆಂಪು ಕಣಗಳು ಕೆಳಗೆ ಕೂತ ಮೇಲೆ ಉಳಿಯುವ ತಿಳಿ ಹಳದಿ ದ್ರವ. ಹಾಗೇ ಮೇಜಿನ ಮೇಲೆ ಬಿಟ್ಟರೆ ಅಮೈಲಾಯ್ಡ್ ಕರಗುತ್ತಾ ಹೋಗುತ್ತದೆ, ಟ್ಯೂಬಿನ ಪ್ಲಾಸ್ಟಿಕ್‌ಗೂ ಅಂಟಿಕೊಳ್ಳುತ್ತದೆ. ಪಿ-ಟೌ ಸ್ವಲ್ಪ ಗಟ್ಟಿ, ಅಷ್ಟು ಬೇಗ ಕೆಡುವುದಿಲ್ಲ. ಮನೆಗೆ ಬಂದು ರಕ್ತ ತೆಗೆದ ಹುಡುಗ ಟ್ಯೂಬನ್ನು ಬ್ಯಾಗಿಗೆ ಹಾಕಿಕೊಂಡು ಬಿಸಿಲಲ್ಲಿ ಇನ್ನೂ ನಾಲ್ಕು ಮನೆ ಸುತ್ತುವುದಾದರೆ, ನೀವೇ ಲ್ಯಾಬ್‌ಗೆ ಹೋಗಿ ಕೊಡುವುದು ಮೇಲು.

ರಕ್ತ ಕೊಡುವ ದಿನ ಈ ವಿಷಯಗಳು ಡಾಕ್ಟರ್‌ಗೆ ಗೊತ್ತಿರಲಿ: ಕಿಡ್ನಿ ತೊಂದರೆ ಇದ್ದರೆ ಪಿ-ಟೌ, ಎನ್‌ಎಫ್‌ಎಲ್ ಎರಡೂ ಸುಳ್ಳೇ ಏರಬಹುದು. ಮೈತೂಕ ಜಾಸ್ತಿ ಇದ್ದರೆ ಅಂಕಿ ಇಳಿಯಬಹುದು. ಹೃದಯ ದುರ್ಬಲ ಆದವರಿಗೆ ಕೊಡುವ ಸ್ಯಾಕ್ಯುಬಿಟ್ರಿಲ್ ಇರುವ ಮಾತ್ರೆ ಅಮೈಲಾಯ್ಡ್ ಅನುಪಾತವನ್ನು ಬದಲಿಸುತ್ತದೆ. ಈಚೆಗೆ ಪಾರ್ಶ್ವವಾಯು ಅಥವಾ ತಲೆಗೆ ಪೆಟ್ಟಾಗಿದ್ದರೆ ಕೆಲವು ತಿಂಗಳು ಕಾಯುವುದು ಒಳ್ಳೆಯದು.

ಹಂತ 8: ರಿಪೋರ್ಟ್ ಓದುವುದು

ರಿಪೋರ್ಟ್ ಫೋನಿಗೆ ಬರುತ್ತದೆ. ಕೆಂಪು ಅಕ್ಷರ ನೋಡಿ ಗೂಗಲ್‌ಗೆ ಓಡಬೇಡಿ, ಫ್ಯಾಮಿಲಿ ಗ್ರೂಪ್‌ಗಂತೂ ಹಾಕಲೇಬೇಡಿ. ಬರುವ ಉತ್ತರ ಮೂರು ಬಗೆ.

ನೆಗೆಟಿವ್: ಅಲ್‌ಝೈಮರ್ಸ್ ಬದಲಾವಣೆ ಇರುವ ಸಾಧ್ಯತೆ ಕಡಿಮೆ. ಲೂಮಿಪಲ್ಸ್ ಅಧ್ಯಯನದ 499 ಸ್ಯಾಂಪಲ್‌ಗಳಲ್ಲಿ ನೆಗೆಟಿವ್ ಬಂದವುಗಳ ಪೈಕಿ 97.3% ಪೆಟ್ ಸ್ಕ್ಯಾನ್ ಅಥವಾ ಬೆನ್ನುನೀರಿನ ಪರೀಕ್ಷೆಯಲ್ಲೂ ನೆಗೆಟಿವ್ ಇದ್ದವು. ಆದರೆ ಮರೆವು ಇದೆಯಲ್ಲ! ರಕ್ತನಾಳದ ತೊಂದರೆಯಿಂದ ಬರುವ ಮರೆಗುಳಿತನ, ಮೆದುಳಿನಲ್ಲಿ ಬೇರೊಂದು ಪ್ರೊಟೀನ್ ಸೇರುವ ಲ್ಯೂಯಿ ಬಾಡಿ ಕಾಯಿಲೆ, ಮೆದುಳಿನ ಮುಂಭಾಗ ಕುಗ್ಗುವ ಕಾಯಿಲೆ ಇವು ಯಾವುವೂ ಇದರಲ್ಲಿ ಕಾಣುವುದಿಲ್ಲ. "ನೆಗೆಟಿವ್ ಬಂತು, ಆರಾಮ" ಅಂತ ತಪಾಸಣೆ ನಿಲ್ಲಿಸಿಬಿಡುವುದು ದೊಡ್ಡ ತಪ್ಪು.

ಪಾಸಿಟಿವ್: ಅದೇ ಅಧ್ಯಯನದಲ್ಲಿ ಪಾಸಿಟಿವ್ ಬಂದವುಗಳ ಪೈಕಿ 91.7% ನಿಜವಾಗಿ ಗಸಿ ಇದ್ದವರದು. ಇದನ್ನು ಹಂತ 1ರಿಂದ 4ರವರೆಗಿನ ವಿವರಗಳ ಜತೆ ಇಟ್ಟು ನೋಡಿ, ಕಾಯಿಲೆಯ ಹೆಸರು ಹೇಳುವುದು ತಜ್ಞರ ಕೆಲಸ. ಕೆಲವೊಮ್ಮೆ ಪೆಟ್ ಸ್ಕ್ಯಾನ್ ಬೇಕಾಗಬಹುದು. ಡೊನೆಪೆಜಿಲ್, ರಿವಾಸ್ಟಿಗ್ಮಿನ್, ಮೆಮಾಂಟಿನ್ ಮಾತ್ರೆಗಳು ಲಕ್ಷಣಗಳನ್ನು ಸ್ವಲ್ಪ ಹತೋಟಿಯಲ್ಲಿಡುತ್ತವೆ. ಗಸಿಯನ್ನೇ ತೆಗೆಯುವ ಲೆಕಾನೆಮ್ಯಾಬ್, ಡೊನಾನೆಮ್ಯಾಬ್ ಇಂಜೆಕ್ಷನ್‌ಗಳಿಗೆ ಅಮೆರಿಕ 2023, 2024ರಲ್ಲಿ ಪೂರ್ಣ ಒಪ್ಪಿಗೆ ಕೊಟ್ಟಿದೆ. ಅವು ಕಾಯಿಲೆಯ ವೇಗ ತಗ್ಗಿಸುತ್ತವೆ, ಹೋದ ನೆನಪನ್ನು ವಾಪಸ್ ತರುವುದಿಲ್ಲ. ಮೆದುಳಿನಲ್ಲಿ ಊತ, ಸಣ್ಣ ರಕ್ತಸ್ರಾವದ ಅಪಾಯವೂ ಇದೆ. ಆರಂಭದ ಹಂತದಲ್ಲಿದ್ದರೆ ಮಾತ್ರ ಕೊಡುತ್ತಾರೆ. ಬ್ಯಾಂಕ್, ಆಸ್ತಿ, ಉಯಿಲಿನ ವಿಷಯ ಅವರ ಬುದ್ಧಿ ಚೆನ್ನಾಗಿರುವಾಗಲೇ ಅವರ ಜತೆ ಕೂತು ಮಾತಾಡಿ.

ನಡುವಿನದು: ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಆ 499ರಲ್ಲಿ 20%ಗಿಂತ ಸ್ವಲ್ಪ ಕಡಿಮೆ ಜನರಿಗೆ ಹೀಗೇ ಬಂತು. ಡಾಕ್ಟರ್ ಬೇರೆ ಪರೀಕ್ಷೆ ಹೇಳಬಹುದು, ಅಥವಾ ಕೆಲವು ತಿಂಗಳು ಬಿಟ್ಟು ನೋಡೋಣ ಅನ್ನಬಹುದು. ಮತ್ತೆ ಮಾಡಿಸುವುದಾದರೆ ಅದೇ ಲ್ಯಾಬ್, ಅದೇ ವಿಧಾನ. ಒಂದು ಯಂತ್ರದ ಅಂಕಿಗೂ ಇನ್ನೊಂದರ ಅಂಕಿಗೂ ಹೋಲಿಕೆ ಇಲ್ಲ. "ಮೊದಲು ಇಷ್ಟಿತ್ತು, ಈಗ ಅಷ್ಟಾಯಿತು" ಅಂತ ಎರಡು ಲ್ಯಾಬಿನ ರಿಪೋರ್ಟ್ ಪಕ್ಕಪಕ್ಕ ಇಟ್ಟು ಗಾಬರಿಯಾಗಬೇಡಿ.

ಈ ಗಡಿಗಳನ್ನು ನಿಗದಿ ಮಾಡಿದ ಅಧ್ಯಯನಗಳಲ್ಲಿ ಹೆಚ್ಚಿನವು ಪಾಶ್ಚಾತ್ಯ ದೇಶಗಳವು. ನಮ್ಮವರ ರಕ್ತದಲ್ಲಿ ಹೇಗೆ ಅಂತ ತಿಳಿಯಲು ನಮ್ಮಲ್ಲೇ ಅಧ್ಯಯನ ಆಗಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ, ಮಾವಿಗೆ ಹೆಸರಾದ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿ ಇಟ್ಟುಕೊಂಡು ಕೆಲಸ ಮಾಡುತ್ತಿದೆ.

ಎಲ್ಲಿಗೆ ಹೋಗಬೇಕು?

ಬೆಂಗಳೂರಿನ ನಿಮ್ಹಾನ್ಸ್ ಎಲ್ಲರಿಗೂ ಗೊತ್ತು. ಆದರೆ ಮೊದಲ ನಾಲ್ಕು ಹಂತಕ್ಕೆ ಅಲ್ಲಿಯವರೆಗೆ ಹೋಗಲೇಬೇಕು ಅಂತೇನಿಲ್ಲ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜತೆ ಸೇರಿ 2022ರಲ್ಲಿ ಕರ್ನಾಟಕ ಬ್ರೈನ್ ಹೆಲ್ತ್ ಇನಿಶಿಯೇಟಿವ್ ಶುರು ಮಾಡಿತು. ಜಯನಗರದ ಜನರಲ್ ಆಸ್ಪತ್ರೆ, ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಮೊದಲು ಬ್ರೈನ್ ಹೆಲ್ತ್ ಕ್ಲಿನಿಕ್ ಬಂದವು. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ಈ ಹೆಸರು ಹೇಳಿ ವಿಚಾರಿಸಿ. ಹಿರಿಯರ ಸಹಾಯವಾಣಿ 14567. ಮನಸ್ಸು ಕುಗ್ಗಿದೆ ಅನ್ನಿಸಿದರೆ, ಅಥವಾ ನೋಡಿಕೊಂಡು ನೋಡಿಕೊಂಡು ನೀವೇ ಸುಸ್ತಾಗಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಕನ್ನಡದಲ್ಲೇ ಮಾತಾಡಬಹುದು.

"ಅಪ್ಪನಿಗೆ ಇದೆ, ನನಗೂ ಮಾಡಿಸಲಾ?"

ಲಕ್ಷಣ ಇಲ್ಲದಿದ್ದರೆ ಈಗ ಬೇಡ. ಆ ದುಡ್ಡಲ್ಲಿ ಕಿವಿ ಪರೀಕ್ಷೆ, ಕಣ್ಣಿನ ಪರೀಕ್ಷೆ, ಕೊಲೆಸ್ಟ್ರಾಲ್, ಬಿಪಿ, ಸಕ್ಕರೆ ನೋಡಿಸಿ. ವೈದ್ಯಕೀಯ ಪತ್ರಿಕೆ 'ಲ್ಯಾನ್ಸೆಟ್'ನ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿದ, ಡಿಮೆನ್ಶಿಯಾ ತರಬಲ್ಲ 14 ಅಪಾಯಗಳಲ್ಲಿ ಇವೆಲ್ಲ ಇವೆ. ಹದಿನಾಲ್ಕನ್ನೂ ತಪ್ಪಿಸಿದರೆ ಜಗತ್ತಿನ ಡಿಮೆನ್ಶಿಯಾದಲ್ಲಿ ಸುಮಾರು 45% ತಡೆಯಬಹುದು ಅಥವಾ ಮುಂದೂಡಬಹುದು ಅನ್ನುವುದು ಅದರ ಅಂದಾಜು. ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಜನರಿಗೆ ಅರವತ್ತರ ಒಳಗೇ ಮರೆಗುಳಿತನ ಬಂದಿದ್ದರೆ ಮಾತ್ರ ವಿಷಯ ಬೇರೆ. ಆಗ ರಕ್ತದ ಮಾರ್ಕರ್‌ಗಿಂತ ಮೊದಲು ಜೀನ್ ಸಲಹೆ ಕೊಡುವ ತಜ್ಞರನ್ನು ಕಾಣಿ.